ಕಡಲಿನ ಕಟ್ಟಳೆ ಮುರಿಯುವವರ ಬಗ್ಗೆ

ಲೈಟ್ ಫಿಶಿಂಗ್ ಬೋಟು ಸಿಕ್ಕಿಬಿತ್ತು ಅಂತ ಸುದ್ದಿ ಬಂದರೆ ಸಾಕು, ನಮ್ಮ ಕಾರವಾರದ ವಾಟ್ಸಾಪ್ ಗ್ರೂಪುಗಳಲ್ಲಿ ಕೂಡಲೇ ತೀರ್ಪು ಹೊರಬೀಳುತ್ತದೆ: "ದುಡ್ಡಿನ ಹುಚ್ಚು", "ಇವ್ರಿಗೆ ಕಡಲು ಬರಿದಾದ್ರೂ ಅಡ್ಡಿಲ್ಲ". ಲೈಟ್ ಫಿಶಿಂಗ್‌ಗೆ ನನ್ನ ವಿರೋಧವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಜನರೇಟರ್ ಹಚ್ಚಿ ನೀರಿನ ಮೇಲೆ ಪ್ರಖರ ಬೆಳಕು ಬಿಟ್ಟು, ಅದಕ್ಕೆ ಮುತ್ತುವ ಮೀನನ್ನು ಮರಿ, ದೊಡ್ಡದು ನೋಡದೆ ಬಾಚುವ ಕೆಲಸ ಅದು. ಕೇಂದ್ರ ಸರ್ಕಾರ 2017ರಲ್ಲೇ ಅದನ್ನು ನಿಷೇಧಿಸಿದೆ. ಆದರೆ "ದುರಾಸೆ" ಎನ್ನುವ ಒಂದೇ ಉತ್ತರ ನನಗೆ ಸಾಲುವುದಿಲ್ಲ. ಆಸೆ ನಮ್ಮ ಅಜ್ಜಂದಿರಿಗೂ ಇತ್ತು. ಹಾಗಾದರೆ ಈ ಬೆಳಕು ಈಗಲೇ ಯಾಕೆ ಹೊತ್ತಿತು?

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಬರೆದ ಲೇಖನವೊಂದು ಇದಕ್ಕೆ ದಾರಿ ತೋರಿಸುತ್ತದೆ. ಸಮಾಜ ಎಲ್ಲರ ಮುಂದೆ ಒಂದೇ ಗುರಿ ಇಡುತ್ತದೆ, ಆದರೆ ಅದನ್ನು ಮುಟ್ಟುವ ನೇರ ದಾರಿ ಎಲ್ಲರಿಗೂ ತೆರೆದಿರುವುದಿಲ್ಲ. ಆ ಬಿರುಕಿನಲ್ಲಿ ಸಿಕ್ಕವರು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರೆ. ಬೈತಖೋಲ ಬಂದರಿಗೆ ಹೋಗಿ ನೋಡಿ, ಎಲ್ಲರೂ ಅಲ್ಲಿದ್ದಾರೆ. ನಿಯಮದಂತೆ ದುಡಿದು ಹೇಗೋ ನಡೆಸುವವರು. ಬಲೆಗೆ ಏನೂ ಬೀಳದಿದ್ದರೂ ದಿನಾ ದೋಣಿ ಇಳಿಸುವವರು. ಎಲ್ಲ ಬಿಟ್ಟು ಕುಡಿತಕ್ಕೆ ಬಿದ್ದವರು. ಗುರಿ ಒಪ್ಪಿಕೊಂಡು ದಾರಿಯನ್ನು ಮಾತ್ರ ಬದಲಿಸಿದವರು, ಅಂದರೆ ಲೈಟ್ ಹಚ್ಚಿದವರು. ಲಕ್ಷಗಟ್ಟಲೆ ಸಾಲದ ಬೋಟು, ಡೀಸೆಲ್ ಖರ್ಚು, ಬಂಗಡೆ ಸಿಗದ ಸೀಸನ್. ಪಕ್ಕದ ಬೋಟಿನವನು ಲೈಟ್ ಹಾಕಿ ತುಂಬಿಸಿಕೊಂಡು ಬಂದರೆ ಸುಮ್ಮನಿರುವುದು ಎಷ್ಟು ಜನರಿಂದ ಸಾಧ್ಯ?

ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು 1969ರಲ್ಲಿ ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಟ್ರಾವಿಸ್ ಹಿರ್ಷಿ ಎತ್ತಿದರು. ಜನ ಯಾಕೆ ನಿಯಮ ಮುರಿಯುತ್ತಾರೆ ಅಂತ ಕೇಳಬೇಡಿ, ಹೆಚ್ಚಿನವರು ಯಾಕೆ ಮುರಿಯುವುದಿಲ್ಲ ಅಂತ ಕೇಳಿ. ಅವರ ಉತ್ತರ ಬಂಧಗಳು: ತನ್ನವರ ಮೇಲಿನ ಮಮತೆ, ಕಳೆದುಕೊಳ್ಳಲು ಏನಾದರೂ ಇರುವುದು, ಕೂಡಿ ಮಾಡುವ ಕೆಲಸ, ನಿಯಮದ ಮೇಲಿನ ನಂಬಿಕೆ. ಇದನ್ನು ಓದುವಾಗ ನನ್ನ ಕಣ್ಣಿಗೆ ಬಂದದ್ದು ರಂಪಣಿ ಬಲೆ. ಒಬ್ಬಿಬ್ಬರಿಂದ ಎಳೆಯಲಾಗದ ಬಲೆ ಅದು. ದೋಣಿಯಲ್ಲಿ ಬಲೆ ಸುತ್ತಿಸಿ ಬಂದ ಮೇಲೆ ಕೇರಿಯ ಗಂಡಸರೆಲ್ಲ ದಂಡೆಯಲ್ಲಿ ನಿಂತು ಹಗ್ಗ ಹಿಡಿಯಬೇಕಿತ್ತು. ಮೀನು ಪಾಲಾಗುತ್ತಿದ್ದದ್ದು ಎಲ್ಲರ ಕಣ್ಣೆದುರೇ. ಪಾಲಿನಲ್ಲಿ ಮೋಸ ಮಾಡಿದವನು ನಾಳೆ ಅದೇ ಜನರ ಜೊತೆ ಹಗ್ಗ ಹಿಡಿಯಬೇಕು, ಅದೇ ದೇವಸ್ಥಾನದಲ್ಲಿ ಕೈಮುಗಿಯಬೇಕು, ಅವರ ಮನೆಗೇ ಹೆಣ್ಣು ಕೇಳಲು ಹೋಗಬೇಕು. ಇದಕ್ಕಿಂತ ಗಟ್ಟಿ ಕಾವಲು ಯಾವ ಇಲಾಖೆ ಕೊಟ್ಟೀತು? ಆ ಕಾವಲಿಗೆ ಇನ್ನೊಂದು ಮುಖವೂ ಇತ್ತು, ಮರೆಯಬಾರದು. ಕೇರಿಯ ಮಾತು ಮೀರಿದ ಹೆಂಗಸರ ಮೇಲೂ, ಬೇರೆ ಜಾತಿಯಲ್ಲಿ ಮದುವೆಯಾದವರ ಮೇಲೂ ಅದೇ ಬಿಗಿ ತಿರುಗುತ್ತಿತ್ತು.

1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆ ಹಿಂಡುಗಳು ದಂಡೆ ಮುಟ್ಟುವ ಮೊದಲೇ ಬಲೆಗೆ ಸೇರಿದವು, ರಂಪಣಿ ಕುಸಿಯಿತು. ನಾವು ಲೆಕ್ಕ ಹಾಕಿದ್ದು ಮೀನಿನ ನಷ್ಟ ಮಾತ್ರ. ಆ ಬಲೆಯ ಜೊತೆ ಹೋದ ಹತೋಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದರ ಜಾಗದಲ್ಲಿ ಈಗ ಇರುವುದು 1986ರ ಕರ್ನಾಟಕ ಸಾಗರ ಮೀನುಗಾರಿಕೆ ಕಾಯ್ದೆ, ದಂಡದ ರಸೀದಿ, ಗಸ್ತಿನ ಬೋಟು. 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಕತ್ತಲಲ್ಲಿ ಆ ಗೆರೆ ಯಾರಿಗೆ ಕಂಡೀತು? ಆದರೂ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡು ನಿಲ್ಲುತ್ತವೆ. ಪೊಲೀಸರ ಭಯ ಒಂದೇ ಅಲ್ಲ ಅದು. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ ಎಂಬುದನ್ನು ಮೀನುಗಾರರೇ ನಂಬುತ್ತಾರೆ. ಇಡೀ ಬಂದರು ಒಟ್ಟಿಗೆ ನಿಲ್ಲುತ್ತದೆ, ಒಬ್ಬ ಹೊರಟರೆ ಎಲ್ಲರಿಗೂ ಕಾಣುತ್ತದೆ.

ಇನ್ನು ಸಿಕ್ಕಿಬಿದ್ದಾಗ ಹೆಸರು ಕೆಡುವುದು ಯಾರದ್ದು? ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ಹೇಳಿದ್ದು ಇದನ್ನೇ: ತಪ್ಪಿತಸ್ಥ ಎಂಬ ಹಣೆಪಟ್ಟಿ ಮಾಡಿದ ಕೆಲಸದಿಂದ ತಾನಾಗಿ ಹುಟ್ಟುವುದಿಲ್ಲ, ಅದನ್ನು ಯಾರ ಹಣೆಗೆ ಹಚ್ಚುವ ಬಲ ಯಾರಿಗಿದೆ ಎಂಬುದರ ಮೇಲಿದೆ. ಮೊಬೈಲ್ ಫೋಟೋದಲ್ಲಿ ಬೋಟಿನ ಮೇಲೆ ನಿಂತ ಹುಡುಗರ ಮುಖ ಬರುತ್ತದೆ. ಅವರಲ್ಲಿ ಕೆಲವರು ಒಡಿಶಾದವರು, ಕೆಲವರು ನಮ್ಮ ಕೇರಿಯವರೇ. ಬಂಡವಾಳ ಹಾಕಿದವನ ಮುಖ ಎಂದೂ ಬರುವುದಿಲ್ಲ. "ಕಳ್ಳ ಬೋಟಿನವ" ಅಂತ ಒಮ್ಮೆ ಹೆಸರು ಬಿದ್ದ ಹುಡುಗನನ್ನು ಬೇರೆ ಯಾವ ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ) ಕರೆಯುತ್ತಾನೆ? ಕೊನೆಗೆ ಅವನಿಗೆ ಉಳಿಯುವುದು ಅದೇ ಬೋಟು.

ಹಾಗಂತ ಕಾನೂನು ಮೀರಿದವರೆಲ್ಲ ಒಂದೇ ಅಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರೂ ಕಾನೂನು ಮುರಿದವರೇ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಕಳಾಸೆ ಕಾಡಿನಲ್ಲಿ ಮರ ಅಪ್ಪಿ ನಿಂತಾಗ, ಕಡಿಯಲು ಸರ್ಕಾರದ ಒಪ್ಪಿಗೆಯಿತ್ತು, ಅಡ್ಡ ನಿಂತವರು ಇವರು. ಇಂದಿನ ಅಪರಾಧ ಕೆಲವೊಮ್ಮೆ ನಾಳೆಯ ನೀತಿಯ ಮುನ್ಸೂಚನೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1895ರಲ್ಲೇ ಬರೆದಿದ್ದರು. ಆದರೆ ಅಂಕೋಲೆ, ಸಾಲ್ಕಣಿಗಳ ಜನ ಹಗಲಲ್ಲಿ, ಎಲ್ಲರೆದುರು, ನಿಯಮವೇ ಬದಲಾಗಲಿ ಅಂತ ನಿಂತವರು. ಲೈಟ್ ಬೋಟಿಗೆ ಬೇಕಾಗಿರುವುದು ಉಳಿದವರೆಲ್ಲ ನಿಯಮ ಪಾಲಿಸಲಿ, ತಾನೊಬ್ಬ ಮುರಿಯಲಿ ಎಂಬುದು. ಅದಕ್ಕೇ ನನ್ನ ವಿರೋಧ ಸಡಿಲವಾಗುವುದಿಲ್ಲ.

ನಾನು ಕೇಳುವುದು ಎರಡು. ಬೋಟು ಹಿಡಿದಾಗ ದಂಡ, ಲೈಸೆನ್ಸ್ ರದ್ದು ಎಲ್ಲ ಮಾಲೀಕನ ಹೆಸರಿಗೇ ಬೀಳಲಿ, ಕೂಲಿ ಹುಡುಗರ ಫೋಟೋ ಹಂಚುವುದು ನಿಲ್ಲಲಿ. ಮತ್ತೆ, ಯಾವ ಬೋಟಿಗೆ ಲೈಸೆನ್ಸ್ ಕೊಡಬೇಕು, ಯಾವುದಕ್ಕೆ ಬೇಡ ಎಂಬ ಮಾತಿನಲ್ಲಿ ಆಯಾ ಬಂದರಿನ ನಾಡದೋಣಿಯವರಿಗೂ, ಮೀನು ಮಾರುವ ಹೆಂಗಸರಿಗೂ ಕುರ್ಚಿ ಇರಲಿ. ಮರಿಮೀನು ಬುಟ್ಟಿಗೆ ಬಂತೋ ಇಲ್ಲವೋ ಅಂತ ಮೊದಲು ಗೊತ್ತಾಗುವುದು ಅವರಿಗೆ.