ಜಮೀನಿನ ಲಾಭ, ಕೊಡದ ಕೂಲಿ

ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಹಳೆಯ ವಾರ್ಷಿಕ ವರದಿಗಳನ್ನು ತೆರೆದವರು ಸಾಮಾನ್ಯವಾಗಿ ಎಷ್ಟು ಜನ ದಾಖಲಾದರು, ಎಷ್ಟು ಜನ ಗುಣವಾಗಿ ಹೋದರು, ಎಷ್ಟು ಜನ ಸತ್ತರು ಎಂಬ ಪುಟಗಳಲ್ಲೇ ನಿಲ್ಲುತ್ತಾರೆ. ನನಗೆ ಹೆಚ್ಚು ಹೇಳುವುದು ಹಿಂದಿನ ಲೆಕ್ಕಪತ್ರದ ಪುಟಗಳು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೌಂಟಿ (ಅಲ್ಲಿನ ಜಿಲ್ಲೆ) ಮಾನಸಿಕ ಆಸ್ಪತ್ರೆಗಳ ವರದಿಗಳಲ್ಲಿ ಜಮೀನಿನ ಲೆಕ್ಕಕ್ಕೇ ಪ್ರತ್ಯೇಕ ಕೋಷ್ಟಕವಿರುತ್ತಿತ್ತು. ಖರ್ಚಿನ ಕಡೆಗೆ ಬಿತ್ತನೆ ಬೀಜ, ಮೇವು, ಹೊಸದಾಗಿ ಕೊಂಡ ದನ ಮತ್ತು ಹಂದಿ, ಮೇಲ್ವಿಚಾರಕನ ಸಂಬಳ, ಗೇಣಿ. ಜಮೆಯ ಕಡೆಗೆ ಅಡುಗೆಮನೆಗೆ ಒದಗಿಸಿದ ಹಾಲು, ಆಲೂಗಡ್ಡೆ, ಮಾಂಸ, ಹೊರಗೆ ಮಾರಿದ ಉತ್ಪನ್ನ. ಅಡಿಯಲ್ಲಿ ಉಳಿದ ಲಾಭ. ಕಳೆ ಕಿತ್ತವರ, ಕೊಟ್ಟಿಗೆ ಬಳಿದವರ, ಹಾಲು ಕರೆದವರ ಕೂಲಿಗೆ ಮಾತ್ರ ಆ ಕೋಷ್ಟಕದಲ್ಲಿ ಸಾಲೇ ಇಲ್ಲ, ಏಕೆಂದರೆ ಅವರಲ್ಲಿ ಬಹುಪಾಲು ಜನ ಅದೇ ಆಸ್ಪತ್ರೆಯ ರೋಗಿಗಳು. ಅವರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ ಒಂದಿಷ್ಟು ತಂಬಾಕು, ಹೆಚ್ಚುವರಿ ಬಿಯರು.

ಆದ್ದರಿಂದ ಆ ಲಾಭವನ್ನು ಆಸ್ಪತ್ರೆಯ ಆದಾಯ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಅದರ ದೊಡ್ಡ ಪಾಲು ಕೊಡದೆ ಉಳಿಸಿಕೊಂಡ ಕೂಲಿ. ಒಂದು ಕಾಲದಲ್ಲಿ ಈ ಆಸ್ಪತ್ರೆಗಳು ಎಷ್ಟು ಅಗ್ಗವಾಗಿ ನಡೆಯುತ್ತಿದ್ದವು ಎಂದು ಇಂದಿಗೂ ಮೆಚ್ಚಿಕೊಳ್ಳುವವರು, ಆ ಅಗ್ಗದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಲೆಕ್ಕದ ಇನ್ನೊಂದು ಸೂಕ್ಷ್ಮವೂ ಇದೆ. ಜಮೀನಿನ ಹಾಲು ಆಸ್ಪತ್ರೆಯ ಅಡುಗೆಮನೆಗೇ ಹೋಗುವಾಗ ಅದಕ್ಕೆ ಬೆಲೆ ಕಟ್ಟುವವರೂ ಆಸ್ಪತ್ರೆಯವರೇ. ಬೆಲೆ ಏರಿಸಿದರೆ ಜಮೀನು ಲಾಭದಲ್ಲಿದೆ ಎಂದು ಆಡಳಿತ ಮಂಡಳಿಗೆ ತೋರಿಸಬಹುದು. ಇಳಿಸಿದರೆ ರೋಗಿಯ ತಲಾ ವಾರದ ವೆಚ್ಚ ಕಡಿಮೆಯಾಗಿ ಕಾಣುತ್ತದೆ. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತೇ ಹೊರತು ಆಸ್ಪತ್ರೆಗೆ ಹೊಸದಾಗಿ ಬಂದದ್ದೇನೂ ಇಲ್ಲ. ಅಲ್ಲದೆ ಇಂಗ್ಲೆಂಡಿನ ತಲಾ ವೆಚ್ಚದಲ್ಲಿ ಕಟ್ಟಡದ ಖರ್ಚು ಸೇರುತ್ತಲೇ ಇರಲಿಲ್ಲ, ಅದನ್ನು ಕೌಂಟಿ ಬೇರೆಯಾಗಿ ಭರಿಸುತ್ತಿತ್ತು. 1874ರಿಂದ ಆಸ್ಪತ್ರೆಯಲ್ಲಿರುವ ಪ್ರತಿ ಬಡ ರೋಗಿಗೆ ವಾರಕ್ಕೆ 4 ಶಿಲಿಂಗ್ ಸರ್ಕಾರಿ ಅನುದಾನ ಬರತೊಡಗಿದ ಮೇಲಂತೂ, ಬಡವರ ದುಡಿಮೆಮನೆಗಳಲ್ಲಿದ್ದವರನ್ನು (ಊಟ ವಸತಿ ಕೊಟ್ಟು ದುಡಿಸಿಕೊಳ್ಳುತ್ತಿದ್ದ ವರ್ಕ್‌ಹೌಸ್‌ಗಳು) ಮಾನಸಿಕ ಆಸ್ಪತ್ರೆಗೆ ಸಾಗಿಸುವುದೇ ಸ್ಥಳೀಯ ಆಡಳಿತಕ್ಕೆ ಲಾಭದಾಯಕವಾಯಿತು. ಹೀಗೆ ತಲೆ ಎಣಿಸಿ ಹಣ ಕೊಡುವ ಪದ್ಧತಿಯೂ ಕೂಲಿಯಿಲ್ಲದ ದುಡಿಮೆಯೂ ಒಂದೇ ಕಡೆ ಕೂಡಿದಾಗ ಬಿಡುಗಡೆಯ ನಿರ್ಧಾರ ಬರೀ ವೈದ್ಯಕೀಯ ನಿರ್ಧಾರವಾಗಿ ಉಳಿಯುವುದು ಕಷ್ಟ. ಹೊತ್ತಿಗೆ ಸರಿಯಾಗಿ ಎದ್ದು, ದನಗಳನ್ನು ಜೋಪಾನವಾಗಿ ನೋಡಿಕೊಂಡು, ಯಾರ ತಂಟೆಗೂ ಹೋಗದೆ ಇರುವವನೇ ಎಲ್ಲರಿಗಿಂತ ಮೊದಲು ಮನೆಗೆ ಹೋಗಬೇಕಾದವನು. ಜಮೀನಿಗೆ ಎಲ್ಲರಿಗಿಂತ ಹೆಚ್ಚು ಬೇಕಾದವನೂ ಅವನೇ. ಅವನನ್ನು ಕಳುಹಿಸಿದರೆ ಸಂಬಳ ಕೊಟ್ಟು ಆಳನ್ನು ಇಡಬೇಕು. ಇದಕ್ಕೆ ಆಸ್ಪತ್ರೆ ನಡೆಸುವವರು ದುಷ್ಟರಾಗಿರಬೇಕಿಲ್ಲ, ಬಜೆಟ್ ಬಿಗಿಯಾಗಿದ್ದರೆ ಸಾಕು.

ಇಷ್ಟು ಹೇಳಿ ಕೃಷಿಯನ್ನೇ ತಪ್ಪು ಎನ್ನಲಾರೆ. ವಿಲಿಯಂ ಟ್ಯೂಕ್ 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ತೆರೆದ ರಿಟ್ರೀಟ್ ಎಂಬ ಮಾನಸಿಕ ಆಸ್ಪತ್ರೆಯಿಂದ ಹಿಡಿದು, ಸರಪಳಿಯ ಬದಲು ಕೆಲಸ, ಬಯಲು, ದಿನಚರಿ ಎಂಬ ನಂಬಿಕೆ ಸುಧಾರಕರದಾಗಿತ್ತು. ಅಮೆರಿಕದ ಆಸ್ಪತ್ರೆ ಮೇಲ್ವಿಚಾರಕರ ಸಂಘ 1851ರಲ್ಲಿ, ಎಷ್ಟೇ ಚಿಕ್ಕ ಮಾನಸಿಕ ಆಸ್ಪತ್ರೆಗೂ ಕನಿಷ್ಠ 50 ಎಕರೆ, ರಾಜ್ಯ ಸರ್ಕಾರದ ಆಸ್ಪತ್ರೆಗೆ ಕನಿಷ್ಠ 100 ಎಕರೆ ಇರಬೇಕೆಂದು ನಿರ್ಣಯಿಸಿದ್ದು ಮುಖ್ಯವಾಗಿ ಉದ್ಯಾನ ಮತ್ತು ವಿಹಾರದ ದೃಷ್ಟಿಯಿಂದ. ಊಟದ ಪ್ರಶ್ನೆಯಂತೂ ಜೀವ ಮರಣದ ಪ್ರಶ್ನೆಯಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪಡಿತರದ ಹೊರತು ಬೇರೆ ದಾರಿಯಿಲ್ಲದೆ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ 40,000ಕ್ಕೂ ಹೆಚ್ಚು ರೋಗಿಗಳು ಹಸಿವಿನಿಂದ ಮತ್ತು ಅದು ತಂದ ಕಾಯಿಲೆಗಳಿಂದ ಸತ್ತರು. ಅದೇ ಕಾಲದಲ್ಲಿ ಬೆಟ್ಟಗಾಡಿನ ಸೇಂಟ್ ಆಲ್ಬಾನ್ ಆಸ್ಪತ್ರೆಯ ರೋಗಿಗಳೂ ಸಿಬ್ಬಂದಿಯೂ ಸುತ್ತಲಿನ ರೈತರ ಹೊಲಗಳಲ್ಲಿ ದುಡಿದು ಆಹಾರ ತಂದು ಬಹಳಷ್ಟು ಜೀವ ಉಳಿಸಿಕೊಂಡರು. ಅಲ್ಲಿ ದುಡಿದವನ ಬೆಳೆ ದುಡಿದವನ ತಟ್ಟೆಗೆ ಬಿತ್ತು ಎಂಬುದನ್ನು ಗಮನಿಸಬೇಕು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1914ರ ನಂತರ ಅಮೆರಿಕದ ಜಾರ್ಜಿಯಾ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿ, ರೋಗಿಗಳ ಮೆಕ್ಕೆಜೋಳದ ಊಟಕ್ಕೆ ಹಾಲು, ಮೊಟ್ಟೆ, ಮಾಂಸ, ಕಾಳು ಸೇರಿಸಿಯೇ ಪೋಷಕಾಂಶದ ಕೊರತೆಯಿಂದ ಬರುವ ಪೆಲಾಗ್ರಾ ರೋಗವನ್ನು ತಡೆದು ತೋರಿಸಿದರು. ಜಮೀನಿನ ಹಾಲನ್ನು ಮಾರಿ ಜಮೆಯ ಕಡೆಗೆ ಬರೆಯುವ ಮುನ್ನ ವಾರ್ಡಿನ ಲೋಟಗಳು ತುಂಬಿವೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಮುಂದೆ ಕಾನೂನು ಬಂತು. 1973ರಲ್ಲಿ ಅಮೆರಿಕದ ಒಂದು ಫೆಡರಲ್ ನ್ಯಾಯಾಲಯ, ಆಸ್ಪತ್ರೆಗೆ ಉಪಯೋಗವಾಗುವ ಕೆಲಸ ಮಾಡುವ ರೋಗಿಗಳಿಗೂ ಕನಿಷ್ಠ ವೇತನದ ಕಾಯಿದೆ ಅನ್ವಯಿಸುತ್ತದೆ ಎಂದು ಹೇಳಿತು. ಅನೇಕ ಆಸ್ಪತ್ರೆಗಳು ವೇತನ ಕೊಡುವ ಬದಲು ಕೆಲಸವನ್ನೇ ನಿಲ್ಲಿಸಿದವು. ಹೊಲದಲ್ಲಿದ್ದವನು ವಾರ್ಡಿನ ಟಿ.ವಿ. ಮುಂದೆ ಕುಳಿತ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಬೇಸರದ ಭಾಗ ಇದು. ಇಟಲಿಯ ಟ್ರಿಯೆಸ್ಟೆಯಲ್ಲಿ ಅದೇ ವರ್ಷಗಳಲ್ಲಿ ರೋಗಿಗಳನ್ನೇ ಸದಸ್ಯರನ್ನಾಗಿಸಿ ಸಹಕಾರ ಸಂಘ ಕಟ್ಟಿ, ಅದೇ ಸ್ವಚ್ಛತೆ ಮುಂತಾದ ಕೆಲಸಗಳಿಗೆ ಕೂಲಿ ಕೊಟ್ಟರು. ಎಂದರೆ ಮೂರನೆಯ ದಾರಿಯೊಂದು ಇತ್ತು.

ಇಂದಿನ ಖರ್ಚಿನ ಸ್ವರೂಪವೇ ಬೇರೆ. ಹಗಲು ರಾತ್ರಿ ಪಾಳಿಯಲ್ಲಿ ನರ್ಸ್, ಅಟೆಂಡರ್, ವೈದ್ಯರು ಬೇಕಾಗಿರುವುದರಿಂದ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಹಾಸಿಗೆಗಳನ್ನು ಅರ್ಧಕ್ಕೆ ಇಳಿಸಿದರೂ ಬಾಯ್ಲರ್, ಛಾವಣಿ, ಕಾವಲು, ರಾತ್ರಿ ಪಾಳಿಯ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಆದ್ದರಿಂದ ತಲಾ ವೆಚ್ಚ ಏರುತ್ತದೆ, ಅದನ್ನು ನೋಡಿದ ಅಧಿಕಾರಿಗಳು ದುಂದುಗಾರಿಕೆ ಎನ್ನುತ್ತಾರೆ. ಜಗತ್ತಿನ ಸರ್ಕಾರಗಳ ಆರೋಗ್ಯ ಬಜೆಟ್‌ನಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ಸರಾಸರಿಯಾಗಿ ಶೇ. 2ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಅಂಶಗಳು ಹೇಳುತ್ತವೆ. ಇಷ್ಟು ಕಡಿಮೆ ಹಣದಲ್ಲಿ ನಡೆಯುವ ಸಂಸ್ಥೆಗೆ 'ನಿಮ್ಮಲ್ಲಿ ಜಮೀನಿದೆಯಲ್ಲ, ಬೆಳೆದು ತಿನ್ನಿ' ಎನ್ನುವುದು ಸಲಹೆಯ ವೇಷದಲ್ಲಿರುವ ಕಡಿತ.

ಜಮೀನು ಉಳಿದಿರುವ ಕಡೆ ಬೇಸಾಯ ನಡೆಯಲಿ ಎಂಬುದೇ ನನ್ನ ನಿಲುವು, ಆದರೆ ಲೆಕ್ಕ ಬದಲಾಗಲಿ. ಕೆಲಸ ಒಲ್ಲೆ ಎನ್ನುವ ಹಕ್ಕು ರೋಗಿಗಿರಲಿ. ಹೊರಗಿನ ಆಳಿಗೆ ಕೊಡುವ ಕೂಲಿಯೇ ಅವರಿಗೂ ಸಿಗಲಿ. ಮಾನಸಿಕ ರೋಗಿಗಳ ರಕ್ಷಣೆ ಕುರಿತ 1991ರ ವಿಶ್ವಸಂಸ್ಥೆಯ ತತ್ತ್ವಗಳೂ ಇದನ್ನೇ ಹೇಳುತ್ತವೆ. ಆ ಕೂಲಿ ಜಮೀನಿನ ಖರ್ಚಿನ ಕಡೆಗೆ ಬರಲಿ, ರೋಗಿಯ ಸ್ವಂತ ಖಾತೆಗೆ ಜಮೆಯಾಗಲಿ, ಊಟ ವಸತಿಯ ಹೆಸರಿನಲ್ಲಿ ಹಿಂದಕ್ಕೆ ಕಿತ್ತುಕೊಳ್ಳುವಂತಾಗದಿರಲಿ. ಹೀಗೆ ಬರೆದರೆ ಬಹಳಷ್ಟು ಆಸ್ಪತ್ರೆಗಳ ಜಮೀನು ನಷ್ಟ ತೋರಿಸಬಹುದು. ಆ ನಷ್ಟವನ್ನು ಔಷಧಿಯ ವೆಚ್ಚವನ್ನು ಬರೆದಂತೆ ಚಿಕಿತ್ಸೆಯ ಶೀರ್ಷಿಕೆಯಡಿ ಬರೆದು ಸರ್ಕಾರದಿಂದಲೇ ಕೇಳಿ ಪಡೆಯಬೇಕು.