ಕಬ್ಬನ್ ಪಾರ್ಕಿಗೆ ಹೋಗುವವರೇ, ಕಾಳಿಯನ್ನು ನೋಡಿದ್ದೀರಾ?

"ಬೆಂಗಳೂರಲ್ಲಿ ನೋಡೋಕೆ ಅಂತ ಏನಿದೆ ಹೇಳಿ" ಅಂತ ಕೇಳುವವರನ್ನು ನಾನು ಸೀದಾ ಕಸ್ತೂರ್‌ಬಾ ರಸ್ತೆಗೆ ಕಳಿಸುತ್ತೇನೆ. ಹೊರಗಿನಿಂದ ಬಂದವರಿಗಿಂತ ಇಲ್ಲೇ ಹುಟ್ಟಿ ಬೆಳೆದವರೇ ಈ ಪ್ರಶ್ನೆ ಜಾಸ್ತಿ ಕೇಳೋದು. ಇವರಲ್ಲಿ ಎಷ್ಟೋ ಜನ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಫೋನಿನಲ್ಲಿ ಎಷ್ಟು ಹೆಜ್ಜೆ ಆಯ್ತು ನೋಡಿಕೊಂಡು, ತಿಂಡಿಗೆ ಹೊರಡುವವರು. ಪಕ್ಕದಲ್ಲೇ ಇರುವ ಕೆಂಪು ಕಟ್ಟಡದ ಒಳಗೆ ಕಾಲಿಟ್ಟವರಲ್ಲ. ಶಾಲೆಯಿಂದ ಕರೆದುಕೊಂಡು ಹೋಗಿದ್ದರೆ ಅದೇ ಮೊದಲು, ಅದೇ ಕೊನೆ.

ಆ ಕೆಂಪು ಕಟ್ಟಡ ಸರ್ಕಾರಿ ವಸ್ತು ಸಂಗ್ರಹಾಲಯ. ಶುರುವಾಗಿದ್ದು 1865ರಲ್ಲಿ, ಈ ಜಾಗದಲ್ಲಲ್ಲ, ದಂಡು ಪ್ರದೇಶದ ಹಳೆ ಜೈಲು ಕಟ್ಟಡದಲ್ಲಿ. ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಎಲ್ಲಿದೆ ಅಂತ ಹುಡುಕಿ ಸುಸ್ತಾದವರಿಗೆ ಉತ್ತರ ಇದೇ. ಈಗಿನ ಕಟ್ಟಡಕ್ಕೆ ಬಂದದ್ದು 1877ರಲ್ಲಿ. ನಕ್ಷೆ ರಿಚರ್ಡ್ ಸ್ಯಾಂಕಿ ಅವರದು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದವರು. 1870ರಲ್ಲಿ ಪಾರ್ಕನ್ನು ರೂಪಿಸಿದ್ದೂ ಅವರೇ. ಸ್ಯಾಂಕಿ ಕೆರೆ ಗೊತ್ತಲ್ಲ, ಆ ಸ್ಯಾಂಕಿ.

ಒಳಗೆ ಹೋದರೆ ಆತಕೂರಿನ ಕಲ್ಲು ಹುಡುಕಿ. ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲು ಕ್ರಿ.ಶ. 949–50ರದ್ದು. ಆಗ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆದು, ಚೋಳರ ರಾಜಾದಿತ್ಯ ಸತ್ತ. ರಾಷ್ಟ್ರಕೂಟ ಮೂರನೇ ಕೃಷ್ಣನ ಜೊತೆ ನಿಂತಿದ್ದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಅವನ ಪರಾಕ್ರಮ ಕಂಡು ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಇಂಥ ಹೊತ್ತಲ್ಲಿ ಯಾರಾದರೂ ಏನು ಕೇಳುತ್ತಾರೆ? ಊರು, ಭೂಮಿ, ಚಿನ್ನ. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಆಮೇಲೆ ಬೇಟೆಯಲ್ಲಿ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದಿರುವ ಕೆತ್ತನೆ ಇದೆ. ಹಂದಿ ದಪ್ಪಗೆ, ಗಟ್ಟಿಮುಟ್ಟಾಗಿದೆ. ನಾಯಿ ಒಂದು ಚೂರೂ ಹಿಂದೆ ಸರಿದಿಲ್ಲ. ಸುತ್ತಲೂ ಅಕ್ಷರ. ನಮ್ಮಂಥವರಿಗೆ ಹತ್ತನೇ ಶತಮಾನದ ಲಿಪಿ ಓದಲು ಬರಲ್ಲ, ಆದರೆ ಆ ಚಿತ್ರ ಓದಲು ಯಾವ ಲಿಪಿಯೂ ಬೇಕಿಲ್ಲ.

ನನಗೆ ಬಹಳ ಇಷ್ಟವಾಗುವುದು ಕೊನೆಯ ಸಾಲು. ಅಲ್ಲಿ ಪೂಜೆ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂತ ಬರೆಸಿದ್ದಾನೆ. ಶಾಸನಗಳಲ್ಲಿ ಶಾಪ ಹೊಸದೇನಲ್ಲ, ದಾನ ಕೆಡಿಸಿದವನಿಗೆ ಗೋವು ಕೊಂದ ಪಾಪ ಅನ್ನುವುದು ಎಲ್ಲ ಕಡೆ ಸಿಗುತ್ತದೆ. ನಾಯಿಯ ಪಾಪವನ್ನು ಲೆಕ್ಕಕ್ಕೆ ತಂದವನು ನಾಯಿಯನ್ನು ಎಷ್ಟು ಹಚ್ಚಿಕೊಂಡಿರಬೇಕು! ಈಗ ಆ ಕಲ್ಲಿಗೆ ಪೂಜೆಯೂ ಇಲ್ಲ, ಗೊರವನೂ ಇಲ್ಲ. ಶಾಪ ಇನ್ನೂ ಚಾಲ್ತಿಯಲ್ಲಿದ್ದರೆ ಅದು ಪಾರ್ಕಿನಲ್ಲಿ ಕೂತು ಚುರುಮುರಿ ತಿನ್ನುವ ನಮ್ಮ ತಲೆಗೇ ಸುತ್ತಿಕೊಂಡಿರಬೇಕು.

ತಮಾಷೆ ನೋಡಿ. ಇದೇ ಪಾರ್ಕಿಗೆ ಸಾಕುನಾಯಿ ತರಬಾರದು ಅಂತ 2022ರಲ್ಲಿ ಮಾತು ಬಂತು. ದೊಡ್ಡ ಗಲಾಟೆಯಾಗಿ, ಆಮೇಲೆ ಕೈಬಿಟ್ಟರು. ಪರ ಮಾತಾಡಿದವರು, ವಿರೋಧ ಮಾತಾಡಿದವರು ಎಲ್ಲರೂ ಆಡಿದ್ದು ಇಂಥ ಕಲ್ಲಿರುವ ಕಟ್ಟಡದ ಪಕ್ಕದಲ್ಲೇ. ಒಬ್ಬರೂ ಕಾಳಿಯ ಹೆಸರು ಎತ್ತಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಾನಂತೂ ನಾಯಿಗಳ ಪರ. ಹಗ್ಗ ಹಿಡಿದುಕೊಳ್ಳಲಿ, ಗಲೀಜು ಎತ್ತಲಿ, ಅಷ್ಟು ಸಾಕು.

ಬೇಗೂರಿನ ವೀರಗಲ್ಲೂ ಅಲ್ಲೇ ಇದೆ. ಗಂಗರ ಎರೆಯಪ್ಪನ ಕಡೆಯಿಂದ ಹೋರಾಡಿ ಸತ್ತ ನಾಗತ್ತರನ ಕಲ್ಲು. ಆನೆ, ಕುದುರೆ, ಬಿಲ್ಲು, ಕತ್ತಿ, ಉರುಳಿದವರು, ಎಲ್ಲ ಒತ್ತೊತ್ತಾಗಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಂತೆ ಒಬ್ಬರ ಮೇಲೊಬ್ಬರು. ಬೇಗೂರು ಅಂದರೆ ಈಗ ಅಪಾರ್ಟ್‌ಮೆಂಟ್‌ಗಳ ಬೇಗೂರೇ, ಬೇರೆ ಯಾವುದೋ ಅಲ್ಲ. ಅಲ್ಲಿ ಮನೆ ಕೊಂಡವರು ಒಮ್ಮೆ ಬಂದು ನಿಮ್ಮ ಊರಿನ ಹಳಬರನ್ನು ಮಾತಾಡಿಸಿಕೊಂಡು ಹೋಗಿ.

ಮ್ಯೂಸಿಯಂನಿಂದ ಹೊರಬಂದು ಪಾರ್ಕಿನೊಳಗೆ ನಡೆದರೆ ಉಳಿದದ್ದೆಲ್ಲ ತಾನಾಗಿ ಸಿಗುತ್ತದೆ. 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೇಂದ್ರ ಗ್ರಂಥಾಲಯ ಇದೆ, ಅದೂ ಕೆಂಪು. ಬಿದಿರ ಮೆಳೆ ಇದೆ. ಬ್ಯಾಂಡ್‌ಸ್ಟ್ಯಾಂಡ್ ಇದೆ. ಅದರ ಆಸುಪಾಸಿನಲ್ಲೇ ಮಾರ್ಕ್ ಕಬ್ಬನ್ ಕುದುರೆ ಏರಿ ಕೂತಿದ್ದಾರೆ. ಬಹಳ ಕಾಲ ಹೈಕೋರ್ಟ್ ಮುಂದಿದ್ದ ಈ ಪ್ರತಿಮೆಯನ್ನು 2020ರಲ್ಲಿ ಇಲ್ಲಿಗೆ ತಂದರು. ಪಾರ್ಕಿಗೆ 1927ರಿಂದ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿದೆ, ಆಟೋದವರಿಗೆ ಹಾಗೆ ಹೇಳಿದರೆ ಮಾತ್ರ ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ.

ಆಮೇಲೆ ಹೈಕೋರ್ಟ್. ಅಠಾರ ಕಚೇರಿ, 1868. ಹದಿನೆಂಟು ಇಲಾಖೆಗಳು ಇದ್ದ ಕಟ್ಟಡ. 1980ರ ದಶಕದಲ್ಲಿ ಇದನ್ನು ಕೆಡವಿಬಿಡುವ ಯೋಚನೆ ನಡೆದಿತ್ತು. ಜನ ತಡೆಯಬೇಕು ಅಂತ ಕೋರ್ಟಿಗೆ ಹೋದರು, ಅದೂ ಅದೇ ಕಟ್ಟಡದಲ್ಲಿದ್ದ ಕೋರ್ಟಿಗೆ! ಎದುರಿಗೆ ಕೆಂಗಲ್ ಹನುಮಂತಯ್ಯನವರ ವಿಧಾನಸೌಧ, 1956. ಇದರ ಮುಂದೆ ಫೋಟೋ ತೆಗೆಸಿಕೊಳ್ಳುವವರು ಒಂದು ಸಲ ಹಿಂದಕ್ಕೆ ತಿರುಗಿ ನೋಡಿ. ನನ್ನನ್ನು ಕೇಳಿದರೆ ಅಠಾರ ಕಚೇರಿಯೇ ಚಂದ. ವಿಧಾನಸೌಧಕ್ಕೆ ದೊಡ್ಡದಾಗಿ ಕಾಣಬೇಕು ಅನ್ನುವ ಹಟ ಇದೆ, ಇದಕ್ಕೆ ಅದಿಲ್ಲ. ಜಗಳಕ್ಕೆ ಬರುವವರು ಕಾಮೆಂಟಿನಲ್ಲಿ ಬನ್ನಿ.

ಇಷ್ಟನ್ನೂ ನಡೆದೇ ನೋಡಬಹುದು. ಅರ್ಧ ದಿನ ಸಾಕು. ಪರ್ಪಲ್ ಲೈನ್ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ವಿಧಾನಸೌಧ ಸ್ಟೇಷನ್ನಿನಲ್ಲಿ ಹತ್ತಿಕೊಂಡು ಬನ್ನಿ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಲು ಅದೇ ಒಳ್ಳೆಯ ದಿನ. ಮ್ಯೂಸಿಯಂ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ, ಸೋಮವಾರವಂತೂ ರಜೆ. ಮನೆಯಲ್ಲಿ ನಾಯಿ ಸಾಕಿದವರು ಯಾರಾದರೂ ಹೋಗಿ ಕಾಳಿಯನ್ನು ನೋಡಿ ಬಂದರೆ, ನಿಮ್ಮ ನಾಯಿಯ ಫೋಟೋ ಸಮೇತ ಇಲ್ಲಿ ಹಾಕಿ.