ನಮ್ಮ ಫ್ಯಾಷನ್ ಶೋ ಬನಶಂಕರಿ ಜಾತ್ರೆಯಲ್ಲಿತ್ತು

ಎಂಬತ್ತರ ದಶಕದ ಬ್ಯಾಲೆ ನೃತ್ಯ, ಆಗಿನ ಲೆಗ್ ವಾರ್ಮರ್ (ಪಾದವಿಲ್ಲದ, ಹೆಣೆದ ಕಾಲುಚೀಲ) ಹುಚ್ಚು ಎರಡರ ಬಗ್ಗೆಯೂ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ತಾಲೀಮಿನಲ್ಲಿ ಕಾಲು ತಣ್ಣಗಾಗಬಾರದು ಅಂತ ನರ್ತಕಿಯರು ಹಾಕುತ್ತಿದ್ದದ್ದು ಅದು. ಕೊನೆಗೆ ಕುಣಿಯದವರೂ ಹಾಕಿಕೊಂಡು ತಿರುಗಿದರು, ಅಲ್ವಾ!

ನಮ್ಮ ಬಾದಾಮಿ ಕಡೆ ಬ್ಯಾಲೆ ಎಲ್ಲಿಂದ ಬರಬೇಕು? ನಮಗೆ ಬನಶಂಕರಿ ಜಾತ್ರೆಯ ಕಂಪನಿ ನಾಟಕವೇ ಎಲ್ಲ. ಬನದ ಹುಣ್ಣಿಮೆಯ ತೇರು ಮುಗಿದ ಮೇಲೂ ಟೆಂಟುಗಳು ಕದಲುತ್ತಿರಲಿಲ್ಲ. ಸ್ಟೇಜಿನ ಮೇಲೆ ನಾಯಕಿ ಝಗಝಗ ಹೊಳೆಯುತ್ತಿದ್ದಳು, ನಿಜ. ಆದರೆ ನಾನು ನೋಡುತ್ತಿದ್ದದ್ದು ನೆಲದ ಮೇಲೆ ಕೂತ ಹೆಣ್ಣುಮಕ್ಕಳನ್ನು. ಮೈಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಕೆಂಪು ಸೆರಗಿನಲ್ಲಿ ‘ಟೋಪ ತೆನಿ’ ಅನ್ನುವ ಬಿಳಿ ನೇಯ್ಗೆಯ ಚಿತ್ತಾರ. ಆ ರೇಷ್ಮೆ ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸುಮ್ನೆ ಕೆಲಸವಲ್ಲ ಅದು.

ಆಗ ನಾನು ಮಾತ್ರ ನೈಲಾನ್ ಸೀರೆಗೆ ಹಟ ಹಿಡಿದಿದ್ದೆ. ‘ಅದರಾಗ ಬೆವತು ಸಾಯ್ತಿ’ ಅಂದಿದ್ದಳು ಅವ್ವ. ನೈಲಾನ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವ್ವನ ಖಣದ ಕುಪ್ಪಸ ಇನ್ನೂ ಟ್ರಂಕಿನಲ್ಲಿದೆ, ನನ್ನ ತೋಳು ಅದರೊಳಗೆ ಹೋಗುವುದಿಲ್ಲ ಅಷ್ಟೇ.